ಗಂಜಿ ಬೇಕಾ, ನೀರು ಬೇಕಾ?

"ಯಾಕೋ ಬೇಡ ಅನ್ನಿಸ್ತಿದೆ ಕಣೋ." ಈ ಮಾತಿಗೆ ಎದುರು ವಾದ ಹೂಡಿ ಗೆದ್ದವರನ್ನು ನಾನು ಕಂಡಿಲ್ಲ. ನಮ್ಮ ಸೋದರತ್ತೆಯ ಬಾಯಿಂದ ಇದು ಹೊರಟಿತೆಂದರೆ ಮುಗಿಯಿತು. ಕಾದಿರಿಸಿದ ಟಿಕೆಟ್ಟು, ಡಬ್ಬಿಗೆ ತುಂಬಿದ ಪುಳಿಯೋಗರೆ, ಬಾಗಿಲಿಗೆ ಬಂದು ನಿಂತ ಕಾರು, ಎಲ್ಲವೂ ವಾಪಸ್ಸು. ಕಾರಣ ಕೇಳುವ ಹಾಗಿಲ್ಲ. ಕಾರಣ ಇದ್ದಿದ್ದರೆ 'ಯಾಕೋ' ಯಾಕೆ ಬರುತ್ತಿತ್ತು? ಪ್ರಯಾಣ ನಿಂತ ದಿನ ಆ ದಾರಿಯಲ್ಲಿ ಒಂದು ಮರ ಬಿದ್ದ ಸುದ್ದಿ ಬಂದರೂ ಸಾಕು, "ನಾನು ಹೇಳಲಿಲ್ವಾ?" ಎನ್ನುತ್ತಾರೆ. ಏನೂ ಆಗಲಿಲ್ಲವೋ, "ಹೋಗಿದ್ದಿದ್ರೆ ಏನಾಗ್ತಿತ್ತೋ, ಯಾರಿಗೆ ಗೊತ್ತು?" ಮಾತು ಮೀರಿ ಹೋಗಿ ಸುಖವಾಗಿ ಹಿಂದಿರುಗಿದರೆ, "ನಾನಿಲ್ಲಿ ತುಪ್ಪದ ದೀಪ ಹಚ್ಚಿಟ್ಟಿದ್ದೆ." ಮೂರು ದಿಕ್ಕಿನಿಂದಲೂ ಗೆಲ್ಲುವ ಇಂಥ ವಾದ ಯಾವ ವಕೀಲನಿಗೂ ಸಿದ್ಧಿಸಿಲ್ಲ.

ಅತ್ತೆಯ ಮಗ ಬೆಂಗಳೂರಿನ ಕಂಪನಿಯೊಂದರಲ್ಲಿ ಮ್ಯಾನೇಜರು. ಅಮ್ಮನ 'ಯಾಕೋ' ಕೇಳಿ ನಗುತ್ತಾನೆ. ಆದರೆ ಅವನೇ ಮೀಟಿಂಗಿನಲ್ಲಿ ಕುರ್ಚಿಗೆ ಒರಗಿ, "ನನ್ನ ಗಟ್ ಫೀಲಿಂಗ್ ಬೇರೆ ಹೇಳ್ತಿದೆ" ಅಂದರೆ ಸುತ್ತ ಕೂತವರು ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳುತ್ತಾರಂತೆ. ಅಮ್ಮನಿಗೂ ಮಗನಿಗೂ ಸಂಬಳದಲ್ಲಿ ಮಾತ್ರ ವ್ಯತ್ಯಾಸ.

ಒಳಗಿನಿಂದ ಬಂದ ಮಾತಿಗೆ ಹೊರಗಿನ ಒಂದು ಸಹಿ ಬೇಕು ಎಂದು ನಮ್ಮವರಿಗೆ ಮೊದಲಿನಿಂದಲೂ ಅನ್ನಿಸಿದೆ. ಆ ಇಲಾಖೆಯಲ್ಲಿ ಹಲ್ಲಿಗೆ ಖಾಯಂ ನೌಕರಿ. ಮಾತಿನ ನಡುವೆ ಅದು ಲೊಚಗುಟ್ಟಿದರೆ "ಕೃಷ್ಣ ಕೃಷ್ಣ" ಎಂದು ನೆಲಕ್ಕೆ ಬೆರಳು ಬಡಿದು, ಹೇಳಿದ್ದು ಸತ್ಯ ಎಂದು ಷರಾ ಬರೆದುಕೊಳ್ಳುತ್ತೇವೆ. ಹಲ್ಲಿಗೆ ಆ ಕ್ಷಣ ಟ್ಯೂಬ್‌ಲೈಟಿನ ಹುಳದ ಮೇಲೆ ಕಣ್ಣಿತ್ತೇ ಹೊರತು ನಮ್ಮ ಭಾವನ ವರ್ಗಾವಣೆಯ ಮೇಲಲ್ಲ ಎಂಬುದು ಬೇರೆ ಮಾತು. ಕಣ್ಣು ಅದುರುವುದರಲ್ಲಿ ಗಂಡಸಿಗೆ ಬಲ, ಹೆಂಗಸಿಗೆ ಎಡ ಎಂಬ ಹಂಚಿಕೆಯೂ ಆಗಿಹೋಗಿದೆ. ಬೆಳಗಿನ ಜಾವ ಬುಡಬುಡಿಕೆಯವನು ಬಂದು "ಹಾಲಕ್ಕಿ ನುಡೀತೈತೆ" ಎಂದರೆ, ಪತ್ರಿಕೆಯ ಮೊದಲ ಪುಟವನ್ನೇ ನಂಬದವರೂ ಗೇಟಿನವರೆಗೆ ಹೋಗಿ ನಿಲ್ಲುತ್ತಾರೆ.

ಇವುಗಳಲ್ಲೆಲ್ಲ ನನಗೆ ಇಷ್ಟವಾದದ್ದು ದೇವರ ಹೂಪ್ರಸಾದ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಕೇಳಲು ಬಂದವರೆಲ್ಲ ದೇವರನ್ನು ನೋಡುತ್ತಿರುವಾಗ ನಾನು ಕೇಳಲು ಬಂದವರ ಮುಖ ನೋಡುತ್ತಿರುತ್ತೇನೆ. ಒಮ್ಮೆ ಒಬ್ಬಾತ ಸೈಟು ಕೊಳ್ಳಲೋ ಬೇಡವೋ ಎಂದು ಕೇಳಿಸಲು ಬಂದಿದ್ದ. ಜೊತೆಗೆ ಉತ್ಸಾಹದ ಬುಗ್ಗೆಯಾಗಿದ್ದ ಭಾವಮೈದ. ಸ್ವಲ್ಪ ಹೊತ್ತಿಗೆ ಬಲಗಡೆಯ ದಾಸವಾಳ ಥಟ್ಟನೆ ಬಿತ್ತು. ಭಾವಮೈದ ಕೈಮುಗಿದ. ಕೊಳ್ಳಬೇಕಾದವನ ಮುಖ ಮಾತ್ರ ಇಳಿದುಹೋಯಿತು. "ಸ್ವಾಮಿ, ಅದು ಫ್ಯಾನ್ ಗಾಳಿಗೆ ಬಿದ್ದಿರಬೇಕು, ಇನ್ನೊಂದ್ಸಲ ಕೇಳಿ" ಎಂದ. ಅರ್ಚಕರು ಅನುಭವಸ್ಥರು. "ದೇವರು ಹೇಳಿದ್ದಾಯ್ತು, ಈಗ ನೀವು ಹೇಳಿ" ಅಂದರು. ಆ ಸೈಟು ಬೇಡವೆಂದು ಅವನಿಗೆ ಗೊತ್ತಿದ್ದದ್ದು ಹೂವು ಬಿದ್ದ ಮೇಲೆ ಅವನಿಗೇ ಗೊತ್ತಾಯಿತು.

ಕಣ್ಣು ಅದುರುವುದಕ್ಕೆ ವಿಜ್ಞಾನಿಗಳ ಒಪ್ಪಿಗೆ ಸಿಕ್ಕಿಲ್ಲ. ಅಂಗೈ ಬೆವರುವುದಕ್ಕೆ ತಕ್ಕಮಟ್ಟಿಗೆ ಸಿಕ್ಕಿದೆ. ಅಮೆರಿಕದ ಅಯೋವಾದಲ್ಲಿ ಆಂಟೋನಿಯೊ ದಮಾಸಿಯೊ ಮತ್ತು ಸಂಗಡಿಗರು ಜನರ ಮುಂದೆ ಇಸ್ಪೀಟಿನ ನಾಲ್ಕು ಕಟ್ಟು ಇಟ್ಟು ಒಂದೊಂದೇ ಎಲೆ ಎತ್ತಿಸಿದರು. ಎರಡು ಕಟ್ಟುಗಳಲ್ಲಿ ಲಾಭ ದೊಡ್ಡದು, ನಷ್ಟ ಇನ್ನೂ ದೊಡ್ಡದು. ಉಳಿದೆರಡರಲ್ಲಿ ಚಿಕ್ಕ ಲಾಭ, ಆದರೆ ಕೊನೆಗೆ ಕೈಯಲ್ಲಿ ಕಾಸು ಉಳಿಯುತ್ತದೆ. ಯಾವ ಕಟ್ಟು ಕೆಟ್ಟದ್ದೆಂದು ಬಾಯಿಬಿಟ್ಟು ಹೇಳಲು ಆಡುವವರಿಗೆ ಇನ್ನೂ ಬರುತ್ತಿರಲಿಲ್ಲ. ಅಷ್ಟರಲ್ಲೇ ಆ ಕಟ್ಟಿನ ಕಡೆ ಕೈ ಚಾಚಿದರೆ ಅಂಗೈ ಸಣ್ಣಗೆ ಬೆವರತೊಡಗಿತ್ತು. 1997ರಲ್ಲಿ ಇದು ಪ್ರಕಟವಾದ ಮೇಲೆ ವಿದ್ವಾಂಸರು ಇದರ ಅರ್ಥದ ಬಗ್ಗೆ ಸಾಕಷ್ಟು ಜಗಳವಾಡಿದ್ದಾರೆ. ನನ್ನ ಕುತೂಹಲವೇ ಬೇರೆ. ಬೆವರಿದ್ದು ಮೊದಲ ಎಲೆಗಲ್ಲ, ಕೆಲವು ಸಲ ಕಳೆದುಕೊಂಡ ಮೇಲೆ. ಅಂಗೈಗೂ ಪಾಠ ಆಗಬೇಕು.

ಇಷ್ಟು ಹೇಳಿದ ಮೇಲೆ ನಮ್ಮ ಬಡಾವಣೆಯ ತಿರುವಿನಲ್ಲಿ ಗಾಡಿ ನಿಲ್ಲಿಸುವ ಎಳನೀರಿನವರ ವಿಷಯಕ್ಕೆ ಬರಲೇಬೇಕು. ಅವರ ಕಾಯಿ ಮದ್ದೂರಿನ ಕಡೆಯದು. ಬೆಳಗ್ಗೆ ರಾಶಿ ಹಾಕಿಕೊಂಡು ಕೂತರೆ ಮಧ್ಯಾಹ್ನಕ್ಕೆ ಆ ರಾಶಿಯ ಜಾಗದಲ್ಲಿ ಬುರುಡೆಗಳ ರಾಶಿ. ಹೋದವರನ್ನು ಅವರು ಕೇಳುವುದು ಒಂದೇ ಪ್ರಶ್ನೆ: "ಗಂಜಿ ಬೇಕಾ, ನೀರು ಬೇಕಾ?" ಕಾಯಿಲೆಯವರ ಮನೆಗೆ ಒಯ್ಯುವವರಿಗೆ ಬರೀ ನೀರಿನದು, ಸ್ಕೂಲು ಬಿಟ್ಟ ಮಕ್ಕಳಿಗೆ ತೆಳು ಗಂಜಿಯದು, ತಿಂಡಿ ತಿನ್ನದೆ ಓಡಿಬಂದ ಬ್ಯಾಂಕಿನವರಿಗೆ ದಪ್ಪ ಗಂಜಿಯದು. ಉತ್ತರ ಕಿವಿಗೆ ಬೀಳುವ ಮೊದಲೇ ಅವರ ಕೈ ರಾಶಿಯಲ್ಲಿ ಓಡಾಡುತ್ತಿರುತ್ತದೆ. ಒಂದನ್ನು ಎತ್ತಿ ಮಚ್ಚಿನ ಹಿಂಬದಿಯಿಂದ 'ಟೊಕ್' ಅನ್ನಿಸಿ ಕೆಳಗಿಡುತ್ತಾರೆ. ಇನ್ನೊಂದನ್ನು ಎತ್ತಿ, ತೂಗಿ, ಕೊಚ್ಚಿ ಕೊಡುತ್ತಾರೆ. ಕುಡಿದು ಮುಗಿಸಿ ಎರಡು ಹೋಳು ಮಾಡಿಸಿದರೆ ಕೇಳಿದ ದಪ್ಪದ್ದೇ ಗಂಜಿ.

"ಹೆಂಗೆ ಗೊತ್ತಾಗುತ್ತೆ ಗೌಡ್ರೆ?" ಎಂದು ಕೇಳಿದ್ದುಂಟು.

"ಗೊತ್ತಾಯ್ತದೆ ಸಾರ್."

"ಅದೇ, ಹೆಂಗೆ?"

"ಹೆಂಗೆ ಅಂದ್ರೆ... ಕೈಗೆ ಗೊತ್ತಾಯ್ತದೆ."

ಪುಸ್ತಕದ ಪ್ರಕಾರ ಕಾರಣಗಳಿವೆ. ಎಳೆಯ ಕಾಯಿಯ ತುಂಬ ನೀರೇ ಇರುವುದರಿಂದ ಅಲ್ಲಾಡಿಸಿದರೆ ಸದ್ದಿಲ್ಲ. ಬಲಿಯುತ್ತ ಹೋದಂತೆ ಒಳಗೆ ಗಂಜಿ ಕಟ್ಟಿ, ನೀರು ಕಡಿಮೆಯಾಗಿ, ಗಾಳಿಗೆ ಜಾಗವಾಗಿ ಕುಲುಕುವ ಸದ್ದು ಬರುತ್ತದೆ. ಸಿಪ್ಪೆಯ ಬಣ್ಣ, ತೊಟ್ಟಿನ ಸುತ್ತಿನ ಹಸಿರು, ಬಡಿದಾಗಿನ ದನಿ, ತೂಕ, ಎಲ್ಲವೂ ಸುಳಿವು. ಆದರೆ ಗೌಡರು ಇವನ್ನು ಒಂದೊಂದಾಗಿ ಕೂಡಿ ಕಳೆಯುತ್ತ ಕೂತರೆ ಅಷ್ಟು ಹೊತ್ತಿಗೆ ಬ್ಯಾಂಕಿನವರು ಹೋಟೆಲಿಗೆ ಹೋಗಿಬಿಟ್ಟಿರುತ್ತಾರೆ. ಅವರ ವಿದ್ಯೆಯ ಗುಟ್ಟು ಬಡಿಯುವುದರಲ್ಲಿಲ್ಲ. ಬಡಿದು ಆರಿಸಿದ ಪ್ರತಿಯೊಂದು ಕಾಯನ್ನೂ ಅಲ್ಲೇ, ಗಿರಾಕಿಯ ಕಣ್ಣೆದುರೇ ಒಡೆಯುತ್ತಾರಲ್ಲ, ಅದರಲ್ಲಿದೆ. ತಪ್ಪಾದರೆ "ಏನ್ರೀ, ಗಂಜೀನೇ ಇಲ್ವಲ್ಲ?" ಎಂಬ ಬೈಗುಳ ನಿಮಿಷದೊಳಗೆ ಬರುತ್ತದೆ. ಇಂಥ ಪರೀಕ್ಷೆ ದಿನಕ್ಕೆ ಎಷ್ಟೋ ಸಲ, ವರ್ಷಗಟ್ಟಲೆ. ಇಷ್ಟು ಕಟ್ಟುನಿಟ್ಟಿನ ವಿಶ್ವವಿದ್ಯಾನಿಲಯ ನಮ್ಮಲ್ಲಿ ಇನ್ನೊಂದಿಲ್ಲ.

ಮಂಡ್ಯದ ಆಲೆಮನೆಗಳಲ್ಲಿ ಪಾಕ ನೋಡುವವನೂ ಇದೇ ವಿಶ್ವವಿದ್ಯಾನಿಲಯದವನೇ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ, ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ಒಟ್ಟುತ್ತಿರುತ್ತಾರೆ, ಬಂದ ನೆಂಟರು ಬಿಸಿ ಬೆಲ್ಲಕ್ಕೆ ಎಲೆ ಹಿಡಿದು ಕಾದಿರುತ್ತಾರೆ. ಇವನು ಮಾತ್ರ ಗುಳ್ಳೆಗಳನ್ನು ನೋಡುತ್ತ ನಿಂತಿರುತ್ತಾನೆ. ಗುಳ್ಳೆಯ ಗಾತ್ರ ಬದಲಾಗುತ್ತದೆ, ಬಣ್ಣ ಕೆಂಪೇರುತ್ತದೆ, ಒಂದು ತೊಟ್ಟು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾನೆ. "ಇಳಿಸ್ರಪ್ಪಾ" ಎಂದು ಕೂಗಿದ ಮೇಲೆ ತಡಮಾಡಿದರೆ ಸೀದುಹೋಗುತ್ತದೆ, ಮುಂಚೆ ಇಳಿಸಿದರೆ ಅಚ್ಚಿನಲ್ಲಿ ನಿಲ್ಲುವುದಿಲ್ಲ. ತಂತ್ರಜ್ಞರು ಥರ್ಮಾಮೀಟರ್ ಇಟ್ಟು ಅಳೆದು ಇದು ಸುಮಾರು 118 ಡಿಗ್ರಿ ಸೆಲ್ಸಿಯಸ್ ಎಂದು ಬರೆದಿದ್ದಾರೆ. ಪಾಕದವನಿಗೆ ಆ ಸಂಖ್ಯೆ ಹೇಳಿದರೆ, ಯಾವುದೋ ಬಸ್ಸಿನ ನಂಬರೆಂದು ತಿಳಿದಾನು.

ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಇಂಥವರ ಹಿಂದೆಯೇ ಅಲೆದವರು. ಅಗ್ನಿಶಾಮಕ ದಳದವರು, ನರ್ಸ್‌ಗಳು, ಸೈನ್ಯದವರು ಯೋಚಿಸಲು ಪುರಸೊತ್ತಿಲ್ಲದಾಗ ಹೇಗೆ ತೀರ್ಮಾನಿಸುತ್ತಾರೆ ಎಂದು ಕೇಳಿ ಬರೆದುಕೊಂಡರು. 1998ರ ಅವರ ಪುಸ್ತಕದಲ್ಲಿ ಒಬ್ಬ ದಳನಾಯಕನ ಕತೆ ಬರುತ್ತದೆ. ಮನೆಯೊಂದರ ಅಡುಗೆಕೋಣೆಯಲ್ಲಿ ಬೆಂಕಿ. ನೀರು ಹಾಯಿಸಿದರೂ ಬಗ್ಗುತ್ತಿಲ್ಲ. ನಡುಮನೆಯಲ್ಲಿ ನಿಂತಿದ್ದ ನಾಯಕನಿಗೆ ಯಾಕೋ ಸರಿ ಇಲ್ಲ ಅನ್ನಿಸಿ ಎಲ್ಲರನ್ನೂ ಹೊರಗೆ ಓಡಿಸಿದ. ಹೊರಬಿದ್ದ ಸ್ವಲ್ಪ ಹೊತ್ತಿಗೆ ಅವರು ನಿಂತಿದ್ದ ನೆಲವೇ ಕುಸಿಯಿತು. ಬೆಂಕಿಯ ಬುಡ ಇದ್ದದ್ದು ಕೆಳಗಿನ ನೆಲಮಾಳಿಗೆಯಲ್ಲಿ, ಅಲ್ಲೊಂದು ನೆಲಮಾಳಿಗೆ ಇದೆಯೆಂದೇ ಇವರಿಗೆ ಗೊತ್ತಿರಲಿಲ್ಲ. ತನಗೆ ಅತೀಂದ್ರಿಯ ಶಕ್ತಿ ಇದೆ ಎಂದು ಆತ ನಂಬಿಬಿಟ್ಟಿದ್ದ. ಕ್ಲೈನ್ ಕೂರಿಸಿ ಬಿಡಿಸಿ ಬಿಡಿಸಿ ಕೇಳಿದಾಗ ಹೊರಬಂದದ್ದು ಬಹಳ ಲೌಕಿಕವಾದ ಸಂಗತಿ: ಅಷ್ಟು ಚಿಕ್ಕ ಅಡುಗೆಮನೆಯ ಬೆಂಕಿಗೆ ಆ ಕೋಣೆ ಅಷ್ಟೊಂದು ಬಿಸಿಯಾಗಬಾರದಿತ್ತು, ಅಷ್ಟು ಬಿಸಿಯಿರುವ ಬೆಂಕಿಗೆ ಅಷ್ಟು ಕಡಿಮೆ ಸದ್ದು ಇರಬಾರದಿತ್ತು. ಹಿಂದಿನ ಬೆಂಕಿಗಳೆಲ್ಲ ಸೇರಿ ಅವನ ಒಳಗೆ ಒಂದು ಲೆಕ್ಕ ಇಟ್ಟಿದ್ದವು, ಈ ಬೆಂಕಿ ಆ ಲೆಕ್ಕಕ್ಕೆ ಸಿಗಲಿಲ್ಲ.

ಇನ್ನೊಂದು ಕಡೆ ಡೇನಿಯಲ್ ಕಾನೆಮನ್. ಮನುಷ್ಯನ ಮನಸ್ಸು ತನಗೆ ತಾನೇ ಹೇಗೆ ಟೋಪಿ ಹಾಕಿಕೊಳ್ಳುತ್ತದೆ ಎಂದು ತೋರಿಸುವುದರಲ್ಲೇ ಆಯುಷ್ಯ ಕಳೆದು, 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಇವರಿಬ್ಬರೂ ಒಟ್ಟಿಗೆ ಕೂತರೆ ಹೊಡೆದಾಟ ಆಗಬೇಕಿತ್ತು. ವರ್ಷಗಳ ಕಾಲ ಕೂತು ಮಾತಾಡಿ, 2009ರಲ್ಲಿ ಒಂದೇ ಲೇಖನ ಬರೆದರು. ಜಗಳವಾಡಲು ಬಂದು ಆಡಲಾಗದೆ ಹೋದೆವು ಎಂಬ ಅರ್ಥ ಬರುವ ತಲೆಬರಹವನ್ನೂ ಕೊಟ್ಟರು. ವಿದ್ವಾಂಸರ ಲೋಕದಲ್ಲಿ ಇದು ಹಾಲಕ್ಕಿ ನುಡಿದದ್ದಕ್ಕಿಂತ ದೊಡ್ಡ ಸೋಜಿಗ. ಅವರಿಗೆ ಹೊಳೆದದ್ದೂ ಎಳನೀರಿನ ಗೌಡರ ಸಂಗತಿಯೇ. ವಿಷಯದಲ್ಲಿ ಒಂದು ನಿಯಮ ಇರಬೇಕು, ತೀರ್ಮಾನ ಸರಿಯೋ ತಪ್ಪೋ ಬೇಗ ತಿಳಿಯುತ್ತಿರಬೇಕು, ಕಲಿಯಲು ಕಾಲ ಸಿಕ್ಕಿರಬೇಕು. ಆಗ 'ಯಾಕೋ' ಎಂದು ಬರುವ ಮಾತಿಗೆ ಬೆಲೆಯುಂಟು. 'ನನಗೆ ಖಂಡಿತ ಗೊತ್ತು' ಎಂಬ ಧೈರ್ಯಕ್ಕೆ ಮಾತ್ರ ಇಬ್ಬರೂ ಅಂಕ ಕೊಡಲಿಲ್ಲ. ಧೈರ್ಯ ಗೊತ್ತಿದ್ದವನಿಗೂ ಇರುತ್ತದೆ, ಗೊತ್ತಿಲ್ಲದವನಿಗೂ ಇರುತ್ತದೆ. ಎರಡನೆಯವನಿಗೆ ಒಂದು ತೂಕ ಹೆಚ್ಚೇ.

"ಮುಖ ನೋಡಿದರೆ ಸಾಕು, ಆಳು ಎಂಥವನು ಅಂತ ಹೇಳಿಬಿಡ್ತೀನಿ" ಎನ್ನುವವರು ಪ್ರತಿ ಮನೆತನದಲ್ಲೂ ಒಬ್ಬರಿರುತ್ತಾರೆ. ಹೆಣ್ಣು ನೋಡುವ ಶಾಸ್ತ್ರಕ್ಕೆ ಇವರನ್ನು ತಪ್ಪದೆ ಕರೆದೊಯ್ಯುತ್ತಾರೆ. ಕೇಸರಿಬಾತು ಬಾಯಲ್ಲಿರುವಾಗಲೇ ಇವರ ತೀರ್ಪು ಸಿದ್ಧ. ಜೋಯಿಸರಾದರೂ ಪಾಪ, ಅಷ್ಟಕೂಟ ಹಾಕಿ 36 ಗುಣದಲ್ಲಿ ಎಷ್ಟು ಬಂತೆಂದು ಬೆರಳು ಮಡಚುತ್ತಾರೆ, ಇವರಿಗೆ ಅದೂ ಬೇಡ. ಇವರ ಅನುಕೂಲ ಏನೆಂದರೆ, ಬೇಡವೆಂದ ಸಂಬಂಧ ಮುಂದೆ ಏನಾಯಿತೆಂದು ಯಾರೂ ಹೋಗಿ ನೋಡುವುದಿಲ್ಲ. ಆಗಲಿ ಎಂದ ಸಂಬಂಧ ಕೆಟ್ಟರೆ ಗ್ರಹಚಾರ. ಆಯುಷ್ಯವಿಡೀ ಬುರುಡೆ ಬಡಿದಿದ್ದಾರೆ, ಒಂದನ್ನೂ ಒಡೆದಿಲ್ಲ.

ಕೆಲಸಕ್ಕೆ ಸಂದರ್ಶನ ಮಾಡುವ ಸಾಹೇಬರುಗಳೂ ಇದೇ ಜಾತಿಯವರು. ಕಾನೆಮನ್ ಇಪ್ಪತ್ತರ ಹರೆಯದಲ್ಲಿ ಇಸ್ರೇಲಿನ ಸೈನ್ಯದಲ್ಲಿದ್ದಾಗ, ಹೊಸ ಹುಡುಗರಲ್ಲಿ ಯಾರು ಒಳ್ಳೆಯ ಸೈನಿಕರಾಗುತ್ತಾರೆ ಎಂದು ಆರಿಸುವ ಸಂದರ್ಶನ ಹೆಚ್ಚುಕಡಿಮೆ ನಿಷ್ಪ್ರಯೋಜಕ ಎಂದು ಕಂಡಿತ್ತು. ಅವರು ಅದನ್ನು ಬದಲಿಸಿದರು. ಆರು ಗುಣಗಳನ್ನು ಗೊತ್ತುಮಾಡಿ, ಒಂದೊಂದಕ್ಕೂ ಹುಡುಗ ಹಿಂದೆ ನಿಜವಾಗಿ ಏನು ಮಾಡಿದ್ದಾನೆಂದು ಕೇಳಿ, ಅಂಕ ಹಾಕಿ ಎಂದರು. ಸಂದರ್ಶಕರಿಗೆ ಸಿಟ್ಟು ಬಂತು. ನಮ್ಮನ್ನೇನು ಯಂತ್ರ ಅಂದುಕೊಂಡಿರಾ ಎಂದು ಜಗಳಕ್ಕೆ ನಿಂತರು. ಅವರ ಸಮಾಧಾನಕ್ಕೆಂದು, ಆರೂ ಅಂಕ ಹಾಕಿದ ಮೇಲೆ ಕಣ್ಣುಮುಚ್ಚಿ, ಈ ಹುಡುಗ ಸೈನಿಕನಾಗಿರುವುದನ್ನು ಕಲ್ಪಿಸಿಕೊಂಡು, ತೋಚಿದ ಒಂದು ಅಂಕ ಕೊಡಿ ಎಂದು ಬಿಟ್ಟುಕೊಟ್ಟರು. ಕೆಲವು ತಿಂಗಳ ನಂತರ ತಾಳೆ ನೋಡಿದರೆ, ಕಣ್ಣುಮುಚ್ಚಿ ಕೊಟ್ಟ ಅಂಕವೂ ಆರು ಗುಣಗಳ ಮೊತ್ತದಷ್ಟೇ ಕೆಲಸಕ್ಕೆ ಬಂದಿತ್ತು! ಮೊದಲು ಕಣ್ಣುಬಿಟ್ಟು ನೋಡಿ ಆಮೇಲೆ ಮುಚ್ಚಿದ್ದರಿಂದ. ನಾವು ಸಾಮಾನ್ಯವಾಗಿ ಮೊದಲೇ ಮುಚ್ಚಿರುತ್ತೇವೆ.

ಅಂತಃಕರಣದ ಬಗ್ಗೆ ನಮ್ಮಲ್ಲಿ ಅತಿ ಹೆಚ್ಚು ಉದ್ಧರಿಸಲ್ಪಡುವವನು ಕಾಳಿದಾಸನ ದುಷ್ಯಂತ. ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದಂದಿನಿಂದ ನಮಗೂ ಅವನು ನೆಂಟನೇ. ಆಶ್ರಮದ ಮರದ ಮರೆಯಲ್ಲಿ ನಿಂತು ಶಕುಂತಲೆಯನ್ನು ನೋಡುತ್ತಾನೆ, ಮನಸ್ಸು ಸೋಲುತ್ತದೆ. ಋಷಿಯ ಮಗಳನ್ನು ಕ್ಷತ್ರಿಯ ಮದುವೆಯಾಗುವಂತಿಲ್ಲವಲ್ಲ ಎಂಬ ಕಾನೂನಿನ ತೊಡಕು ಎದುರಾದಾಗ, ಸಂಶಯ ಬಂದ ಕಡೆ ಸಜ್ಜನರಿಗೆ ಅವರ ಅಂತಃಕರಣವೇ ಪ್ರಮಾಣ ಎಂದು ತೀರ್ಪು ಕೊಟ್ಟುಕೊಳ್ಳುತ್ತಾನೆ. ತಾನು ಸಜ್ಜನ ಎಂಬ ಸರ್ಟಿಫಿಕೇಟಿಗೂ ಅವನದೇ ರುಜು. ಊಹೆಯೇನೋ ಸರಿಯಾಗಿತ್ತು, ಆಕೆ ವಿಶ್ವಾಮಿತ್ರ ಮೇನಕೆಯರ ಮಗಳು. ಐದನೆಯ ಅಂಕಕ್ಕೆ ಬನ್ನಿ. ಶಾಪದಿಂದ ನೆನಪು ಅಳಿಸಿದೆ, ತುಂಬು ಗರ್ಭಿಣಿ ಸಭೆಯಲ್ಲಿ ನಿಂತಿದ್ದಾಳೆ, ಉಂಗುರ ನೀರುಪಾಲಾಗಿದೆ. ಆಗಲೂ ಇವನ ಎದೆಯೊಳಗೆ ಏನೋ ನೋಯುತ್ತದೆ, ಇವಳು ಹೇಳುವುದು ನಿಜವಿರಬಹುದೇ ಅನ್ನಿಸುತ್ತದೆ. ಅಂತಃಕರಣ ಅದೇ, ಮಾತೂ ಅಷ್ಟೇ ಖರೆ. ಆದರೆ ಈ ಸಲ ದೊರೆ ದಾಖಲೆ ಕೇಳುತ್ತಾನೆ. ಒಳದನಿ ನಮ್ಮ ಆಸೆಯ ಪರವಾಗಿ ಮಾತಾಡಿದರೆ ಪ್ರಮಾಣ, ಅನುಕೂಲಕ್ಕೆ ವಿರುದ್ಧವಾದರೆ ಆಧಾರ್ ಕಾರ್ಡು. ದುಷ್ಯಂತನಿಗಾದರೂ ದೂರ್ವಾಸರ ಶಾಪವೆಂಬ ನೆಪವಿತ್ತು.

ನಮಗೆ ಆ ನೆಪವಿಲ್ಲ, ದಾಕ್ಷಿಣ್ಯವಿದೆ. ನನ್ನ ಅಂದಾಜಿನಲ್ಲಿ ಕನ್ನಡಿಗರ ಒಳದನಿಗೆ ತೊಂದರೆ ಇರುವುದು ಕೇಳಿಸುವುದರಲ್ಲಲ್ಲ. ಅದು ಕೇಳಿಸುತ್ತದೆ, ಗಂಟಲವರೆಗೂ ಬರುತ್ತದೆ, ಅಲ್ಲಿ ದಾಕ್ಷಿಣ್ಯ ಬಾಗಿಲು ಹಾಕಿಕೊಂಡು ಕೂತಿರುತ್ತದೆ. ಬೇಡ ಎಂದು ಹೊರಟದ್ದು "ಅಯ್ಯೋ, ಅದಕ್ಕೇನಂತೆ" ಎಂದಾಗಿ ಹೊರಬೀಳುತ್ತದೆ. ಹೀಗೆ ಎಷ್ಟು ಚೀಟಿಗಳಿಗೆ ಸೇರಿದ್ದೇವೆ, ಎಷ್ಟು ಇನ್ಶೂರೆನ್ಸ್ ಮಾಡಿಸಿದ್ದೇವೆ, ಓದಲಾಗದ ಎಷ್ಟು ಕವನಸಂಕಲನಗಳಿಗೆ ಮುನ್ನುಡಿ ಬರೆದಿದ್ದೇವೆ!

ಈಗಂತೂ ಈ ಗುಣವನ್ನು ದೂರದಲ್ಲಿ ಕೂತವರೂ ಪತ್ತೆಹಚ್ಚಿದ್ದಾರೆ. ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟರಿಗೆ ಫೋನು ಬಂತು. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕವಸ್ತು ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟಿನಲ್ಲಿದ್ದೀರಿ, ಕ್ಯಾಮೆರಾ ಬಿಟ್ಟು ಅಲ್ಲಾಡಬೇಡಿ. ಕಾನೂನಿನಲ್ಲಿ ಅಂಥದೊಂದು ಬಂಧನವೇ ಇಲ್ಲ. ಮೇಷ್ಟರಿಗೂ ಮೊದಲ ನಿಮಿಷಕ್ಕೇ ಏನೋ ವಾಸನೆ ಹೊಡೆದಿತ್ತಂತೆ. ನಾಲ್ಕು ದಶಕ ಮಕ್ಕಳ ಸುಳ್ಳು ಕೇಳಿದ ಕಿವಿ ಅದು, ಅಜ್ಜಿ ಸತ್ತಳೆಂದು ರಜೆ ಕೇಳುವ ದನಿಯಲ್ಲಿ ಎಷ್ಟನೆಯ ಅಜ್ಜಿ ಎಂದು ಹೇಳಬಲ್ಲದು. "ಮತ್ತೆ ಫೋನ್ ಇಡಬೇಕಿತ್ತು ಮೇಷ್ಟ್ರೆ" ಎಂದೆ. "ಅವರು ಮಾತಾಡ್ತಾ ಇದ್ರಲ್ಲಪ್ಪ, ಮಧ್ಯದಲ್ಲಿ ಹೆಂಗೆ ಇಡೋದು? ಮರ್ಯಾದೆ ಅಲ್ಲ" ಅಂದರು. ಅಷ್ಟರಲ್ಲಿ ಅವರ ಮನೆಯವರು ಸಾರು ಆರುತ್ತಿದೆ ಎಂದು ಬಂದು ಫೋನ್ ಕಸಿದು, "ಅವರು ಊಟ ಮಾಡ್ಬೇಕು, ಆಮೇಲೆ ಅರೆಸ್ಟ್ ಮಾಡ್ಕೊಳ್ಳಿ" ಎಂದು ಇಟ್ಟರಂತೆ. ಆ ಕಡೆಯವರು ಮತ್ತೆ ಕರೆ ಮಾಡಲಿಲ್ಲ.

ಇದೆಲ್ಲ ನೋಡಿ ನಾನೊಂದು ನೋಟ್‌ಬುಕ್ ಇಟ್ಟೆ. ಎಡಗಡೆ ಪುಟದಲ್ಲಿ ಏನು ಅನ್ನಿಸಿತು, ಬಲಗಡೆಯಲ್ಲಿ ಏನಾಯಿತು. ಅಂದೇ ಬರೆಯಬೇಕು, ಆಮೇಲೆ ತಿದ್ದುವ ಹಾಗಿಲ್ಲ. ಬಗೆಬಗೆಯ ಫಲಿತಾಂಶ ಬರುತ್ತಿದೆ. ಕೈ ಅಡ್ಡ ಹಿಡಿದಾಗ ಯಾವ ಆಟೋದವನು ನಿಲ್ಲಿಸುತ್ತಾನೆ, ಯಾವನು ಬರೀ ತಲೆ ಅಲ್ಲಾಡಿಸಿ ಹೋಗುತ್ತಾನೆ ಎಂಬುದರಲ್ಲಿ ನಾನು ಸಾಕಷ್ಟು ನಿಪುಣ. ಸಭೆಯ ಅಧ್ಯಕ್ಷರು "ಎರಡೇ ಮಾತು" ಎಂದು ಎದ್ದು ನಿಂತಾಗ ಎಷ್ಟು ಹೊತ್ತು ಹಿಡಿಯುತ್ತದೆಂಬುದರಲ್ಲೂ ಅಷ್ಟೇ. ಕ್ರಿಕೆಟ್ಟಿನ ಟಾಸ್ ವಿಷಯದಲ್ಲಿ ನನ್ನ ಅಂತಃಪ್ರೇರಣೆ ನಾಣ್ಯದಷ್ಟೇ ಚೆನ್ನಾಗಿದೆ. ಷೇರುಗಳ ಪುಟವನ್ನು ಮನೆಯಲ್ಲಿ ಯಾರಿಗೂ ತೋರಿಸಿಲ್ಲ. ಹಾಲು ಉಕ್ಕುವ ಗಳಿಗೆ, ಮಗಳು ಫೋನಿನಲ್ಲಿ "ಚೆನ್ನಾಗಿದ್ದೀನಿ" ಎಂದಾಗ ನಿಜಕ್ಕೂ ಚೆನ್ನಾಗಿದ್ದಾಳೋ ಇಲ್ಲವೋ, ಇವೆರಡೂ ಹೆಂಡತಿಯ ಇಲಾಖೆ. ಅಲ್ಲಿ ಬಲಗಡೆಯ ಪುಟ ಬರೆಯುವ ಅಗತ್ಯವೇ ಬಿದ್ದಿಲ್ಲ.

ಮೊನ್ನೆ ದೂರದ ನೆಂಟರೊಬ್ಬರು ಹಣ್ಣು ಹಿಡಿದುಕೊಂಡು ಬಂದರು. ಸಹಕಾರ ಸಂಘದಲ್ಲಿ ಸಾಲ ತೆಗೆಯುತ್ತಿದ್ದಾರೆ, ಜಾಮೀನಿಗೆ ಒಂದು ಸಹಿ ಬೇಕು. ಹಣ್ಣು ನೋಡಿದಾಗಲೇ ನನಗೆ ಅನ್ನಿಸಿತ್ತು. ಬೇಡ ಎಂಬುದು ಗಂಟಲಿಗೂ ಬಂತು. ಬಾಯಿ ತೆರೆದಾಗ ಹೊರಬಂದದ್ದು ಮಾತ್ರ "ಮನೆಯವಳನ್ನು ಒಂದ್ಮಾತು ಕೇಳಿ ಹೇಳ್ತೀನಿ." ಅವರೂ ಸಂಸಾರಸ್ಥರು, ಅರ್ಥ ಮಾಡಿಕೊಂಡು ಕಾಫಿ ಕುಡಿದು ಹೊರಟರು. ಗಂಡಸರ ಒಳದನಿಗಳನ್ನೆಲ್ಲ ಹೆಂಗಸರ ಹೆಸರಿಗೆ ರಿಜಿಸ್ಟರ್ ಮಾಡಿಸುವ ಈ ಪದ್ಧತಿಯಿಂದಾಗಿ ನಮ್ಮ ಬೀದಿಯಲ್ಲಿ ಗಂಡಸರೆಲ್ಲ ಉದಾರಿಗಳು, ಹೆಂಗಸರೆಲ್ಲ ಬಿಗಿ ಕೈಯವರು ಎಂದು ಹೆಸರಾಗಿದೆ. ಬಾಗಿಲು ಹಾಕಿ ಒಳಗೆ ಬಂದು ನೋಟ್‌ಬುಕ್ ತೆಗೆದೆ.

ಹಣ್ಣಿನ ಚೀಲ ಬಿಚ್ಚುತ್ತಿದ್ದ ಹೆಂಡತಿ ಕೇಳಿದಳು: "ನಾನು ಏನು ಅಂದೆ ಅಂತ ಹೇಳೋಣ ಅಂತ ಇದ್ದೀರಿ?"